ದಕ್ಷಿಣಾಯನ ಮೀಮಾಂಸೆ: ಕೂತಲ್ಲೇ ಮೂರು ಸಲ ಮನೆ ಬದಲಿಸಿದ ನಾಲ್ಕು ತಾಲ್ಲೂಕುಗಳ ಕುರಿತು ಒಂದು ಬಹುಶಿಸ್ತೀಯ ಪ್ರವೇಶಿಕೆಯ ಪೂರ್ವಪೀಠಿಕೆ

1. ಪ್ರಸ್ತಾವ ಮತ್ತು ಪರಿಕಲ್ಪನಾತ್ಮಕ ಚೌಕಟ್ಟು

ಪ್ರಸ್ತುತ ಪ್ರಬಂಧವು ಬೆಂಗಳೂರು ದಕ್ಷಿಣ ಜಿಲ್ಲೆ (ಪೂರ್ವಾಶ್ರಮದಲ್ಲಿ ರಾಮನಗರ ಜಿಲ್ಲೆ) ಎಂಬ ಆಡಳಿತಾತ್ಮಕ ಸಂಕಥನದೊಳಗೆ ಸಾಮಾನ್ಯ ಮತದಾರನ ಕರ್ತೃತ್ವವು ಅಂಚಿನಿಂದ ಕೇಂದ್ರಕ್ಕೂ ಕೇಂದ್ರದಿಂದ ಅಂಚಿಗೂ ನಿರಂತರ ಪಲ್ಲಟಗೊಳ್ಳುತ್ತ, ಅಂತಿಮವಾಗಿ ತಾಲ್ಲೂಕು ಕಚೇರಿ ಮುಂದಿನ ಟೀ ಅಂಗಡಿಯ ಬೆಂಚಿನ ಮೇಲೆ ಹೇಗೆ ಸ್ಥಿರಗೊಳ್ಳುತ್ತದೆ ಎಂಬುದರ ಶೋಧವಾಗಿದೆ.

ಈ ವಾಕ್ಯ ಅರ್ಥವಾಗದವರು ಗಾಬರಿಪಡಬೇಕಿಲ್ಲ. ಬರೆದವನಿಗೂ ಪೂರ್ತಿ ಅರ್ಥವಾಗಿಲ್ಲ. ಜಿಲ್ಲೆಯ ಹೆಸರು ಬದಲಾದದ್ದರ ಬಗ್ಗೆ ನಡೆದ ಒಂದು ವಿಚಾರಸಂಕಿರಣದಲ್ಲಿ ಇಂಥ ವಾಕ್ಯಗಳನ್ನೇ ಗಂಟೆಗಟ್ಟಲೆ ಕೇಳಿ, ಊಟದ ಕೂಪನ್ನು ಇಸಿದುಕೊಂಡು, ಪ್ರಮಾಣಪತ್ರದ ಸಮೇತ ಎದ್ದು ಬಂದ ಮೇಲೆಯೇ ಈ ಕೆಲಸಕ್ಕೆ ಕೈಹಾಕಿದ್ದು. ಅಲ್ಲಿ ‘ಪರಿನಗರೀಯ ಅಸ್ಮಿತೆ’ ಎಂಬ ಮಾತು ಉದುರಿದ್ದಕ್ಕೆ ಲೆಕ್ಕವಿರಲಿಲ್ಲ. ‘ಪಹಣಿ’ ಎಂಬ ಮಾತು ಒಮ್ಮೆಯೂ ಬರಲಿಲ್ಲ. ಜಿಲ್ಲೆ ಯಾರದ್ದೋ ಆ ಜನರನ್ನು ವೇದಿಕೆಯ ಮೇಲೆ ಉಲ್ಲೇಖಿಸಲಾಯಿತು, ಕೆಳಗೆ ಕುರ್ಚಿಗಳಲ್ಲಿ ಅವರು ಇರಲಿಲ್ಲ.

1.1 ತೌಲನಿಕ ಆಯಾಮ: ವಿದೇಶದ ಉದಾಹರಣೆಯಿಲ್ಲದ ಪ್ರಬಂಧವನ್ನು ವಿದ್ವತ್ ವಲಯ ಒಪ್ಪುವುದಿಲ್ಲವಾದ್ದರಿಂದ ಬ್ರಿಟನ್ನನ್ನು ಕರೆತರುತ್ತೇನೆ. ಆ ದೇಶ 1973ರಲ್ಲಿ ಯುರೋಪಿನ ಒಕ್ಕೂಟ ಸೇರಿತು. ಸೇರಿದ್ದು ಸರಿಯೇ ಎಂದು 1975ರಲ್ಲಿ ಜನರನ್ನು ಕೇಳಿತು, ಸರಿ ಎಂದರು. 2016ರ ಜೂನ್ 23ರಂದು ಮತ್ತೆ ಕೇಳಿತು; ನೂರಕ್ಕೆ 51.9 ಮಂದಿ ಬೇಡ ಎಂದರು, 48.1 ಮಂದಿ ಇರಲಿ ಎಂದರು. 2020ರ ಜನವರಿ 31ಕ್ಕೆ ಹೊರಗೆ ಬಂತು. ಆ ತೀರ್ಮಾನ ಜಾಣತನದ್ದೋ ದಡ್ಡತನದ್ದೋ ಅವರು ಇವತ್ತಿಗೂ ಕಿತ್ತಾಡುತ್ತಿದ್ದಾರೆ. ಆದರೆ ಒಂದು ಪ್ರಶ್ನೆ, ಎರಡು ಚೌಕ ಇದ್ದ ಮತಪತ್ರವೊಂದು ಪ್ರತಿಯೊಬ್ಬರ ಕೈಗೂ ಬಂದಿತ್ತು, ಎರಡು ಸಲ. ಈ ಅಂಶವನ್ನು ಓದುಗರು ಗಂಟು ಹಾಕಿಟ್ಟುಕೊಳ್ಳಬೇಕೆಂದು ವಿನಂತಿ.

2. ನಾಮಸಂಕ್ರಮಣದ ಚಾರಿತ್ರಿಕ ಘಟ್ಟಗಳು

2.1 ಪ್ರಾಚೀನ ಘಟ್ಟ: 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಹಿಡಿದಾಗ ಕೆಂಪೇಗೌಡರ ಮನೆತನ ಅಲ್ಲಿಂದ ಹೊರಟು ಮಾಗಡಿಯಲ್ಲಿ ನೆಲೆಸಿತು. ಬೆಂಗಳೂರನ್ನು ಕಟ್ಟಿದವರೇ ಬೆಂಗಳೂರನ್ನು ಬಿಟ್ಟು ಬಂದ ಈ ಪ್ರಸಂಗವನ್ನು ‘ಆದಿ ನಿರ್ಗಮನ’ ಎಂದು ಕರೆಯಲು ಪ್ರಬಂಧಕಾರ ಅಪ್ಪಣೆ ಬೇಡುತ್ತಾನೆ.

2.2 ವಸಾಹತು ಘಟ್ಟ: ಇಂದಿನ ರಾಮನಗರ ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಆಗಿತ್ತು. ಟಿಪ್ಪು ಬಿದ್ದ ಮೇಲೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ನೆನಪಿಗೆ ಕ್ಲೋಸ್‌ಪೇಟೆಯಾಯಿತು. ಸ್ವಾತಂತ್ರ್ಯ ಬಂದ ನಂತರ ರಾಮನಗರವಾಯಿತು. ಆದರೂ ಭೂವಿಜ್ಞಾನಿಗಳು ರಾಮದೇವರ ಬೆಟ್ಟದ ಬಂಡೆಗೆ ಈಗಲೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಹೇಳುತ್ತಾರೆ. ಸುಮಾರು 250 ಕೋಟಿ ವರ್ಷದ ಹಿಂದೆ ಹೆಪ್ಪುಗಟ್ಟಿದ ಕಲ್ಲಿಗೆ ಇನ್ನೂರು ಚಿಲ್ಲರೆ ವರ್ಷದ ಹಿಂದಿನ ಬ್ರಿಟಿಷ್ ಅಧಿಕಾರಿಯ ಹೆಸರು. ಬಂಡೆಯನ್ನೂ ಯಾರೂ ಕೇಳಿರಲಿಲ್ಲ.

2.3 ಆಧುನಿಕ ಘಟ್ಟ: 1980ರಲ್ಲಿ ಮಾಗಡಿ ತಾಲ್ಲೂಕಿನ ಯಾವುದಾದರೂ ಹಳ್ಳಿಯಲ್ಲಿ ಹುಟ್ಟಿ, ಆ ಹಳ್ಳಿ ಬಿಟ್ಟು ಕದಲದ ಒಬ್ಬನನ್ನು ಊಹಿಸಿಕೊಳ್ಳಿ. ಅವನು ಹುಟ್ಟಿದ್ದು ಬೆಂಗಳೂರು ಜಿಲ್ಲೆಯಲ್ಲಿ. 1986ರಲ್ಲಿ ಜಿಲ್ಲೆ ಎರಡಾಗಿ, ಅವನು ಬೆಂಗಳೂರು ಗ್ರಾಮಾಂತರದ ಹುಡುಗನಾದ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ರಾಮನಗರ ಜಿಲ್ಲೆ ಹುಟ್ಟಿತು, ಅವನು ಅಲ್ಲಿಯವನಾದ. 2023ರ ಅಕ್ಟೋಬರಿನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ತಮ್ಮ ಕನಕಪುರದ ಜನರಿಗೆ ‘ನೀವು ಬೆಂಗಳೂರಿನವರು’ ಎಂಬರ್ಥದ ಮಾತಾಡಿದರು. 2024ರ ಜುಲೈನಲ್ಲಿ ಜಿಲ್ಲೆಯ ಹೆಸರು ಬದಲಿಸಲು ಸಚಿವ ಸಂಪುಟ ಒಪ್ಪಿತು. ಕೇಂದ್ರದ ಗೃಹ ಸಚಿವಾಲಯ ಒಪ್ಪಲಿಲ್ಲ. ಇದು ನಮ್ಮ ಅಧಿಕಾರ ಎಂದು ರಾಜ್ಯ ಹೇಳಿತು. 2025ರ ಮೇ 22ರ ಸಂಪುಟ ಸಭೆಯ ನಂತರ ಅವನು ಬೆಂಗಳೂರು ದಕ್ಷಿಣದವನಾದ. ಅಧಿಕಾರ ಸಿಕ್ಕರೆ ಹಳೆಯ ಹೆಸರನ್ನೇ ತರುತ್ತೇನೆಂದು ಕುಮಾರಸ್ವಾಮಿ ಹೇಳಿಯಾಗಿದೆ. ಅಂದರೆ ಅವನು ಗಂಟುಮೂಟೆ ಬಿಚ್ಚುವ ಹಾಗಿಲ್ಲ.

ಮೂರು ಸಲ ಮನೆ ಬದಲಾಯಿತು. ಮನೆಯವನನ್ನು ಕೇಳಿದ್ದು ಸೊನ್ನೆ ಸಲ. 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಜಿಲ್ಲೆಯ ಹೆಸರು ಬದಲಾಗುವುದು ಸರ್ಕಾರದ ಅಧಿಸೂಚನೆಯಿಂದ. ಮತಪೆಟ್ಟಿಗೆ ಬೇಕಿಲ್ಲ.

3. ದಿಕ್ಕುಗಳ ಜ್ಞಾನಮೀಮಾಂಸೆ

3.1 ಮಾಗಡಿಯೂ ಬೆಂಗಳೂರೂ ಹೆಚ್ಚೂಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿಗೆ ತುಸು ಕಡಿಮೆ. ಎಂದರೆ ಮಾಗಡಿ ಇರುವುದು ಬೆಂಗಳೂರಿನಿಂದ ನೆಟ್ಟಗೆ ಪಶ್ಚಿಮಕ್ಕೆ. ಅದು ‘ಬೆಂಗಳೂರು ದಕ್ಷಿಣ’ದಲ್ಲಿದೆ ಎಂದು ಗೆಜೆಟ್ಟು ಹೇಳುತ್ತದೆ, ಸೂರ್ಯ ಇನ್ನೂ ಒಪ್ಪಿಲ್ಲ.

3.2 ದಕ್ಷಿಣಗಳ ಬಹುತ್ವ: ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರವೊಂದಿದೆ, ಅದರಲ್ಲಿ ಜಯನಗರ, ಬಸವನಗುಡಿಗಳಿವೆ. ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕೊಂದಿದೆ, ಅದು ಬೆಂಗಳೂರು ನಗರ ಜಿಲ್ಲೆಯಲ್ಲಿದೆ. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಹಂಚಿದಾಗ ಬೆಂಗಳೂರು ದಕ್ಷಿಣ ಎಂಬ ನಗರ ಪಾಲಿಕೆಯೂ ಬಂತು. ಈ ಮೂರರಲ್ಲೂ ಬೆಂಗಳೂರು ದಕ್ಷಿಣ ಜಿಲ್ಲೆಯ ಯಾವ ತಾಲ್ಲೂಕೂ ಇಲ್ಲ. ಜಿಲ್ಲೆಯ ಲೋಕಸಭಾ ಕ್ಷೇತ್ರದ ಹೆಸರು ಬೆಂಗಳೂರು ಗ್ರಾಮಾಂತರ; ಆದರೆ 2007ರ ನಂತರ ಬೆಂಗಳೂರು ಗ್ರಾಮಾಂತರ ಜಿಲ್ಲೆ ಎನಿಸಿಕೊಂಡದ್ದು ಬೇರೆಯೇ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ. ಜಿಲ್ಲಾ ಕೇಂದ್ರ ಮಾತ್ರ ರಾಮನಗರವೇ. ವಾಹನದ ಫಲಕದ ಮೇಲೆ ಕೆಎ 42 ನೋಡಿದವರು ರಾಮನಗರ ಎಂದೇ ಗುರುತಿಸುತ್ತಾರೆ. ಸ್ಥಿರ ದೂರವಾಣಿಗೆ 080, ಬೆಂಗಳೂರಿನದೇ ಸಂಖ್ಯೆ. ಹೀಗಾಗಿ ಒಕ್ಕೂಟ ಸೇರುವ, ಬಿಡುವ ವಿಚಾರದಲ್ಲಿ ಈ ಜಿಲ್ಲೆಯ ಮನುಷ್ಯನ ಫೋನು ಒಂದು ಪಕ್ಷ, ಸ್ಕೂಟರು ಇನ್ನೊಂದು ಪಕ್ಷ.

3.3 ಕ್ಷೇತ್ರಕಾರ್ಯದ ಒಂದು ದಾಖಲೆ: ತಾಲ್ಲೂಕು ಕಚೇರಿ ಹತ್ತಿರದ ಡಿಟಿಪಿ ಅಂಗಡಿ. ಗೋಡೆಗೆ ಸ್ಟಾಂಪ್ ಪೇಪರಿನ ದರಪಟ್ಟಿ, ಕೀಬೋರ್ಡಿನ ಮೇಲೆ ಅಕ್ಷರ ಸವೆದ ಗುಂಡಿಗಳು. ಅಣ್ಣತಮ್ಮಂದಿರ ಪಾಲುಪತ್ರ ಟೈಪಾಗುತ್ತಿದೆ. ಹೊಸ ಹೆಸರು ಬಂದಿದೆಯಲ್ಲ ಎಂದು ಹುಡುಗ ಹಳೆಯ ಫೈಲು ತೆರೆದು, ‘ರಾಮನಗರ’ ಇದ್ದ ಕಡೆಯೆಲ್ಲ ‘ಬೆಂಗಳೂರು ದಕ್ಷಿಣ’ ಎಂದು ಒಂದೇ ಏಟಿಗೆ ಬದಲಿಸಿದ. ಜಿಲ್ಲೆ ಬದಲಾಯಿತು. ಜೊತೆಗೆ ತಾಲ್ಲೂಕೂ ಬದಲಾಯಿತು. ರಾಮನಗರ ತಾಲ್ಲೂಕಿನ ಎರಡು ಎಕರೆ ಹುಣಸೇಮರದ ಹೊಲ ‘ಬೆಂಗಳೂರು ದಕ್ಷಿಣ ತಾಲ್ಲೂಕು’ ಎಂದಾಗಿ ಬೇಗೂರು, ಕೆಂಗೇರಿಯ ಪಕ್ಕಕ್ಕೆ ಹೋಗಿ ಕೂತಿತು. ಪ್ರಿಂಟು ನೋಡಿದ ಹಿರಿಯಣ್ಣ ಕನ್ನಡಕ ಹಣೆಗೇರಿಸಿ ಅಂದ: “ಇಂಗೇ ಇರ್ಲಿ ಬುಡಪ್ಪ. ಅಲ್ಲಿ ರೇಟು ಚೆನ್ನಾಗದೆ.”

4. ಮತದಾರರ ಸಪ್ತವಿಧ ವರ್ಗೀಕರಣ

ರೇಷ್ಮೆಗೂಡಿನ ಮಾರುಕಟ್ಟೆ, ಬಸ್ ಸ್ಟಾಂಡು, ಹಾಲಿನ ಡೇರಿ, ಮದುವೆ ಮನೆಯ ಎರಡನೇ ಪಂಕ್ತಿಗೆ ಕಾಯುವ ಸಾಲು, ಇವೇ ಮೊದಲಾದ ಜ್ಞಾನಕೇಂದ್ರಗಳಲ್ಲಿ ಕೇಳಿಬಂದ ವಾದಗಳನ್ನು ಏಳು ವರ್ಗಗಳಾಗಿ ವಿಂಗಡಿಸಲಾಗಿದೆ.

4.1 ಚದರಡಿವಾದಿಗಳು. ಇವರ ಮೂಲಸೂತ್ರ: “ಬೆಂಗ್ಳೂರು ಅಂತ ಒಂದ್ಸಲ ಪಹಣೀಲಿ ಬರ್ಲಿ ಕಣಣ್ಣ, ಗುಂಟೆ ಲೆಕ್ಕ ಹೋಗಿ ಅಡಿ ಲೆಕ್ಕ ಬತ್ತದೆ.” ಇದಕ್ಕೆ ಅದೇ ಬೆಂಚಿನ ಇನ್ನೊಂದು ತುದಿಯಿಂದ ಬಂದ ಖಂಡನೆ: “ಬತ್ತದೆ ಕಣ್ಲಾ. ಮಾರ್ಕಂಡ್ ಮ್ಯಾಲೆ ಅದೇ ಜಾಗದಲ್ಲಿ ನಿಂಗೆ ವಾಚ್‌ಮನ್ ಕೆಲ್ಸಾನೂ ಬತ್ತದೆ.” ಈ ವಾದ, ಪ್ರತಿವಾದಗಳಿಗೆ ಸಂಕಿರಣದವರು ‘ಭೂಮಿಯ ಸರಕೀಕರಣ ಮತ್ತು ಶ್ರಮದ ಪರಕೀಯತೆ’ ಎಂದು ಹೆಸರಿಟ್ಟರು. ಬೆಂಚಿನವರದೇ ಚಿಕ್ಕದಾಗಿದೆ.

4.2 ಅಭಿಮಾನವಾದಿಗಳು. “ವಿಧಾನಸೌಧ ಕಟ್ಸಿದ ಕೆಂಗಲ್ ಹನುಮಂತಯ್ಯನೋರು ನಮ್ಮೋರು. ದೇವೇಗೌಡ್ರು ಇಲ್ಲಿಂದ ಗೆದ್ದು ಮುಖ್ಯಮಂತ್ರಿ ಆದೋರು, ಆಮೇಲೆ ಪ್ರಧಾನಿ ಆದೋರು. ಕುಮಾರಣ್ಣನೂ ಇಲ್ಲಿಂದ್ಲೇ. ರಾಮಕೃಷ್ಣ ಹೆಗಡೆಯೋರೂ ಕನಕಪುರದಿಂದ ಗೆದ್ದಿದ್ರು. ಶೋಲೆ ಸಿನಿಮಾ ತೆಗುದ್ರಲ್ಲ, ಆ ಗಬ್ಬರ್‌ಸಿಂಗ್ ಕೂಡ ಇಲ್ಲೇ ಬಂದು ಕೂತ್ಕಂಡ. ಇಷ್ಟು ಜನಕ್ಕೆ ಬೇಕಾದ ಊರು, ಈಗ ಇನ್ನೊಬ್ರ ಊರಿನ ಬಾಲ ಆಗ್ಬೇಕಾ?” ಇದಕ್ಕೆ ಉತ್ತರ ಹೇಳಲು ಒಬ್ಬ ಮುದುಕ ಎಲೆಯಡಿಕೆ ಉಗಿದು ಬಂದ: “ಅಷ್ಟು ಜನ ಗೆದ್ದೋಗಿ ನಮ್ಮೂರ ಕಾಲುವೆಗೆ ನೀರು ಬುಡ್ಸುದ್ರಾ, ಅದ ಹೇಳು ಮೊದ್ಲು.”

4.3 ಮಾಗಡಿ ಪ್ರತಿಸಿದ್ಧಾಂತಿಗಳು. ಬೆಂಗಳೂರು ಕಟ್ಟಿದ ಮನೆತನ ಬಂದು ನೆಲೆಸಿದ್ದು ಮಾಗಡಿಯಲ್ಲಾದ್ದರಿಂದ, ನ್ಯಾಯವಾಗಿ ಬೆಂಗಳೂರಿಗೇ ‘ಮಾಗಡಿ ಪೂರ್ವ’ ಎಂದು ಹೆಸರಿಡಬೇಕೆಂಬುದು ಇವರ ಬೇಡಿಕೆ. ಪ್ರಬಂಧಕಾರನ ತಿಳಿವಳಿಕೆಯಲ್ಲಿ ಭೂಗೋಳ, ಇತಿಹಾಸ ಎರಡಕ್ಕೂ ಒಗ್ಗುವ ಏಕೈಕ ಪ್ರಸ್ತಾವ ಇದೇ.

4.4 ಬಸ್ಸುವಾದಿಗಳು. ಬೆಂಗಳೂರಿನ ಗಾರ್ಮೆಂಟ್ಸಿಗೆ, ಕಾಲೇಜಿಗೆ, ಆಸ್ಪತ್ರೆಯ ಶುಶ್ರೂಷೆ ಕೆಲಸಕ್ಕೆ ದಿನಾ ಓಡಾಡುವ ಹೆಣ್ಣುಮಕ್ಕಳು ಇಲ್ಲಿ ಹೆಚ್ಚು. ಒಬ್ಬಳು ಹೇಳಿದ್ದು: “ಹೆಸ್ರು ಏನಾದ್ರೂ ಇಟ್ಕೊಳ್ಳಿ ಸರ್. ರಾತ್ರಿ ಎಂಟ್ರ ಮೇಲೆ ನಮ್ಮೂರಿಗೆ ಒಂದು ಬಸ್ ಬಿಡಿ. ಬಿಎಂಟಿಸಿ ಬರತ್ತೆ ಅಂದ್ರೆ ನಾನು ಬೆಂಗ್ಳೂರೇ ಆಗ್ಲಿ ಅಂತೀನಿ.” ಸೇರ್ಪಡೆಯ ಪರವಾಗಿ ಕೇಳಿದ ವಾದಗಳಲ್ಲಿ ನಾನು ತಲೆಬಾಗಿದ್ದು ಇದಕ್ಕೆ. ಇವಳಿಗೆ ಅಸ್ಮಿತೆಯ ಕೊರತೆಯಿಲ್ಲ, ಕೊರತೆ ಇರುವುದು ಬಸ್ಸಿನದು.

4.5 ಐದನೆಯದು ಚನ್ನಪಟ್ಟಣದ ‘ಕರಕುಶಲ ಅನನ್ಯತಾವಾದಿ’ ಎಂದು ಟಿಪ್ಪಣಿ ಮಾಡಿಟ್ಟುಕೊಂಡಿದ್ದೆ. ಆದರೆ ಆ ಮನುಷ್ಯ ಯಾವ ವಾದಕ್ಕೂ ಸಿಗಲಿಲ್ಲ. ಅವನು ಲೇತಿಗೆ ಹಾಲೆ ಮರದ ತುಂಡು ಸಿಕ್ಕಿಸಿ, ಉಳಿ ಒತ್ತಿ, ಗುಂಡಗೆ ಒಂದು ತಲೆ ತೆಗೆದ. ತಿರುಗುತ್ತಿರುವಾಗಲೇ ಕೆಂಪು ಅರಗಿನ ಕಡ್ಡಿ ತಾಗಿಸಿದ. ಬಿಸಿಗೆ ಅರಗು ಕರಗಿ ಮರವನ್ನು ಸುತ್ತಿಕೊಂಡಿತು. ಕೇದಗೆ ಎಲೆ ಮಡಚಿ ಒತ್ತಿ ಹಿಡಿದಾಗ ಹೊಳಪು ಬಂತು. ಕೆಲಸ ನಿಲ್ಲಿಸದೆಯೇ ಹೇಳಿದ: “ನಮ್ ಬೊಂಬೆಗೆ ಚನ್ನಪಟ್ಣ ಅಂತ ಹೆಸ್ರಿದೆ, ಅದಕ್ಕೆ ಸರ್ಕಾರದ ಮುದ್ರೇನೂ ಇದೆ. ಜಿಲ್ಲೆ ಹೆಸ್ರು ನೋಡಿ ಯಾರೂ ಬೊಂಬೆ ತಗೊಳ್ಳಲ್ಲ. ಹೈವೇ ಬೈಪಾಸ್ ಆದ್ಮೇಲೆ ಕಾರುಗಳು ಊರೊಳಗೇ ಬರಲ್ಲ.” 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಆ ದಶಪಥ ಬೆಂಗಳೂರನ್ನೂ ಮೈಸೂರನ್ನೂ ಹತ್ತಿರ ತಂದಿತು, ನಡುವಿನ ಊರುಗಳನ್ನು ದೂರ ಮಾಡಿತು. ರಸ್ತೆ ಪಕ್ಕದ ಬೊಂಬೆ ಅಂಗಡಿಗಳೆದುರು ಮೊದಲು ನಿಲ್ಲುತ್ತಿದ್ದ ಪ್ರವಾಸಿ ಬಸ್ಸುಗಳು ಈಗ ಮೇಲೇ ಹಾದುಹೋಗುತ್ತವೆ.

ಆರು ಮತ್ತು ಏಳನೆಯ ವರ್ಗಗಳನ್ನು ಇಲ್ಲಿಗೇ ಕೈಬಿಡಲಾಗಿದೆ. ಜನ ವರ್ಗದೊಳಗೆ ಕೂರುವುದಿಲ್ಲ. ಬೆಳಿಗ್ಗೆ ಚದರಡಿವಾದಿಯಾದವನು ಮಧ್ಯಾಹ್ನ ಮಗನಿಗೆ ಹೊಲ ಉಳಿಯುತ್ತದೋ ಇಲ್ಲವೋ ಎಂದು ಅಭಿಮಾನವಾದಿಯಾಗಿ, ಸಂಜೆ ಮಗಳು ಮನೆಗೆ ಬಂದಿಲ್ಲವೆಂದು ಬಸ್ಸುವಾದಿಯಾಗುತ್ತಾನೆ.

5. ಜನಮತದ ವ್ಯಾಖ್ಯಾನಶಾಸ್ತ್ರ

ಜನರನ್ನು ಕೇಳದಿದ್ದರೂ ಜನಾದೇಶ ಇದೆ ಎನ್ನುವವರಿದ್ದಾರೆ. 2024ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರು ಗ್ರಾಮಾಂತರದಲ್ಲಿ ಉಪಮುಖ್ಯಮಂತ್ರಿಯ ತಮ್ಮ ಡಿ.ಕೆ. ಸುರೇಶ್ ಅವರನ್ನು ಹೃದ್ರೋಗ ವೈದ್ಯ ಸಿ.ಎನ್. ಮಂಜುನಾಥ್ ಎರಡೂವರೆ ಲಕ್ಷಕ್ಕೂ ಮಿಕ್ಕಿದ ಮತಗಳಿಂದ ಸೋಲಿಸಿದರು. ಬೆಂಗಳೂರು ಸೇರುವುದು ಬೇಡ ಎಂಬ ತೀರ್ಪು ಇದೇ ಎಂದು ಒಂದು ಗುಂಪು ಓದಿತು. ಅದೇ ವರ್ಷದ ನವೆಂಬರಿನಲ್ಲಿ, ಹೆಸರು ಬದಲಾವಣೆಗೆ ಸಂಪುಟ ಒಮ್ಮೆ ಒಪ್ಪಿಯಾಗಿದ್ದ ಕಾಲದಲ್ಲಿ, ಚನ್ನಪಟ್ಟಣದ ಉಪಚುನಾವಣೆ ಬಂತು. ಕುಮಾರಸ್ವಾಮಿಯವರ ಮಗ ನಿಖಿಲ್ ವಿರುದ್ಧ ಕಾಂಗ್ರೆಸ್ಸಿನ ಸಿ.ಪಿ. ಯೋಗೇಶ್ವರ್ 25 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಬೆಂಗಳೂರು ಬೇಕು ಎಂಬ ತೀರ್ಪು ಇದು ಎಂದು ಇನ್ನೊಂದು ಗುಂಪು ಓದಿತು.

ಆ ಎರಡೂ ಮತಯಂತ್ರಗಳಲ್ಲಿ ಇದ್ದದ್ದು ಹೆಸರು, ಚಿಹ್ನೆ, ಗುಂಡಿ. ಜಿಲ್ಲೆಯ ಪ್ರಶ್ನೆ ಇರಲಿಲ್ಲ. ಮತದಾರ ಜಾತಿ ನೋಡಿರಬಹುದು, ಡಾಕ್ಟರರ ಕೈಗುಣ ನೋಡಿರಬಹುದು, ಕೆರೆ ತುಂಬಿಸಿದವನನ್ನು ನೋಡಿರಬಹುದು. ಕೇಳದ ಪ್ರಶ್ನೆಗೆ ಅವನು ಉತ್ತರ ಕೊಟ್ಟಿದ್ದಾನೆ ಎಂದು ಸಾಧಿಸುವ ವಿದ್ಯೆಗೆ ನಮ್ಮಲ್ಲಿ ರಾಜಕೀಯ ವಿಶ್ಲೇಷಣೆ ಎನ್ನುತ್ತಾರೆ, ಅದಕ್ಕೆ ಟಿವಿಯಲ್ಲಿ ಸಂಭಾವನೆಯೂ ಸಿಗುತ್ತದೆ.

6. ಜಲಶಾಸ್ತ್ರೀಯ ಪ್ರಮೇಯ

6.1 ಬೆಂಗಳೂರಿನೊಂದಿಗಿನ ಈ ನಾಲ್ಕು ತಾಲ್ಲೂಕುಗಳ ಒಕ್ಕೂಟ ದ್ರವರೂಪದಲ್ಲಿ ಆಗಲೇ ಘಟಿಸಿದೆ ಎಂಬುದು ಪ್ರಬಂಧಕಾರನ ಮೂಲ ಕೊಡುಗೆ. 1930ರ ದಶಕದಲ್ಲಿ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಗೆ ಕಟ್ಟೆ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ಒಯ್ದರು. ಆಮೇಲೆ ಕಾವೇರಿ ನೀರಿನ ಕೊಳವೆಗಳು ಹಾರೋಹಳ್ಳಿಯ ಪಂಪ್‌ಹೌಸಿನ ಮೂಲಕ ಬೆಂಗಳೂರಿಗೆ ಹೋದವು. ಕೊಟ್ಟದ್ದಕ್ಕೆ ಪ್ರತಿಯಾಗಿ ಬೆಂಗಳೂರು ವೃಷಭಾವತಿಯನ್ನು ಕಳಿಸಿತು. ಆ ನದಿ ನಗರದ ಕಕ್ಕಸು, ಕಾರ್ಖಾನೆಯ ಕಪ್ಪು ನೀರನ್ನೆಲ್ಲ ಹೊತ್ತು ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಬಂದು ತುಂಬುತ್ತದೆ, ನೊರೆ ಏಳುತ್ತದೆ, ಮುಂದೆ ಅರ್ಕಾವತಿ ಸೇರಿ, ಕನಕಪುರ ದಾಟಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ.

6.2 ಆದ್ದರಿಂದ ಈ ವಿಲೀನದ ಸೂತ್ರ...

ಸೂತ್ರ ಬೇಡ. ಬೈರಮಂಗಲದ ಏರಿ ಮೇಲೆ ಒಮ್ಮೆ ನಿಂತವನಿಗೆ ಸೂತ್ರ ಬರೆಯುವ ಮನಸ್ಸಾಗುವುದಿಲ್ಲ. ಅಲ್ಲಿನ ಜನ ದಶಕಗಳಿಂದ ಆ ವಾಸನೆಯಲ್ಲಿ ಊಟ ಮಾಡಿದ್ದಾರೆ. ಕೈಕಾಲಿನ ಕಜ್ಜಿಗೆ ಮುಲಾಮು ಕೊಂಡಿದ್ದಾರೆ. ಬೇರೆ ನೀರಿಲ್ಲದೆ ಅದೇ ನೀರಲ್ಲಿ ಹಿಪ್ಪುನೇರಳೆ, ಮೇವು, ತರಕಾರಿ ಬೆಳೆದಿದ್ದಾರೆ. ಆ ಹಾಲು, ತರಕಾರಿ ಬೆಂಗಳೂರಿಗೇ ವಾಪಸು ಹೋಗಿದೆ. ಬೆಂಗಳೂರು ಅವರ ಊರಿಗೆ ನಾಲೆಯಲ್ಲಿ ಹರಿದು ಬರುತ್ತಿದ್ದಾಗ ಯಾವ ಸಂಪುಟವೂ ‘ನೀವು ಬೆಂಗಳೂರಿನವರು, ನಿಮಗೂ ನಗರದ ಶುದ್ಧ ನೀರು ಸಲ್ಲಬೇಕು’ ಎನ್ನಲಿಲ್ಲ. ಅವರ ಜಮೀನು ಬೇಕಾದಾಗ ಮಾತ್ರ ಅವರು ಬೆಂಗಳೂರಿನವರು ಎಂಬುದು ಎಲ್ಲರಿಗೂ ನೆನಪಾಯಿತು.

ಇಲ್ಲಿ ಪಕ್ಷ ನೋಡುವ ಹಾಗೂ ಇಲ್ಲ. ಬಿಡದಿಯಲ್ಲಿ ಟೌನ್‌ಶಿಪ್ ಎಂದು ಮೊದಲು ಗೆರೆ ಎಳೆದದ್ದು 2006–07ರ ಕಾಲದ ಕುಮಾರಸ್ವಾಮಿ ಸರ್ಕಾರ. ಗೆರೆಯೊಳಗೆ ಸಿಕ್ಕ ರೈತ ಅಂದಿನಿಂದ ಮಾರಲಾರದೆ, ಕಟ್ಟಲಾರದೆ, ಸಾಲಕ್ಕೆ ಅಲೆದಾಡಿದ. 2025ರಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತಿನ 9 ಹಳ್ಳಿಗಳ 7,000 ಎಕರೆಗೂ ಮಿಕ್ಕಿದ ನೆಲಕ್ಕೆ ಅಧಿಸೂಚನೆ ಹೊರಡಿಸಿದ್ದು ಅವರ ಎದುರಾಳಿಗಳ ಸರ್ಕಾರ. ಜಿಲ್ಲೆಯ ಹೆಸರಿಗೆ ಇಬ್ಬರೂ ಹಗಲೆಲ್ಲ ಜಗಳ ಆಡಿದರು. ನೆಲದ ಮೇಲೆ ಇಬ್ಬರ ಕಣ್ಣೂ ಒಂದೇ. ರೈತರು, ಹೆಂಗಸರು, ಮುದುಕರು ಬೈರಮಂಗಲದಲ್ಲಿ ಧರಣಿ ಕೂತರು. ಅವರಲ್ಲಿ ಕೆಲವರಿಗೆ ಪರಿಹಾರ ಹೆಚ್ಚಬೇಕು, ಕೆಲವರಿಗೆ ಯೋಜನೆಯೇ ಬೇಡ, ಕೆಲವರಿಗೆ ಬೇಗ ದುಡ್ಡು ಕೊಟ್ಟರೆ ಸಾಕು. ಬ್ರಿಟನ್ನಿನ ಮತದಾರರ ಹಾಗೇ ಅವರೂ ಒಡೆದುಹೋಗಿದ್ದಾರೆ, ಒಂದೇ ಮನೆಯೊಳಗೇ ಒಡೆದಿದ್ದಾರೆ. ಆದರೆ ಅಲ್ಲಿಯವರು ಒಡೆದದ್ದು ಮತಪತ್ರ ಕೈಗೆ ಬಂದ ಮೇಲೆ. ಇಲ್ಲಿಯವರು ಒಡೆದದ್ದು ನೋಟಿಸು ಕೈಗೆ ಬಂದ ಮೇಲೆ.

ಆ ಸಂಕಿರಣದಲ್ಲಿ ಇದಕ್ಕೂ ಒಂದು ಪಾರಿಭಾಷಿಕ ಪದ ಇತ್ತು. ನಾನು ಬರೆದುಕೊಂಡಿದ್ದೆ. ಈಗ ಬಳಸಲಾರೆ.

7. ಉಪಸಂಹಾರ ಮತ್ತು ಶಿಫಾರಸುಗಳು

7.1 ಈ ಜಿಲ್ಲೆ ಬೆಂಗಳೂರಿನ ಜೊತೆ ಇರಬೇಕೇ, ಬಿಡಬೇಕೇ ಎಂಬುದಕ್ಕೆ ಪ್ರಬಂಧಕಾರನ ಬಳಿ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ಹೆಸರಿನಲ್ಲಿ ಬೆಂಗಳೂರು ಬಂದರೆ ಕೈಗಾರಿಕೆ ಬರುತ್ತದೆ, ಮೆಟ್ರೊ ಬರುತ್ತದೆ ಎಂಬ ಆಸೆ ಸುಳ್ಳಲ್ಲ. ರಾಮನಗರ ಎಂಬ ಹೆಸರಿನಲ್ಲಿ ಹದಿನೆಂಟು ವರ್ಷ ಶಾಲೆ, ಆಸ್ಪತ್ರೆ, ಕಚೇರಿಗಳು ಹತ್ತಿರ ಬಂದವು ಎಂಬ ಅಕ್ಕರೆಯೂ ಸುಳ್ಳಲ್ಲ. 2011ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 10.8 ಲಕ್ಷ ಮಂದಿ. ಎಣಿಸುವುದಕ್ಕೆ ಮನೆಮನೆಗೆ ಹೋದವರು ಕೇಳುವುದಕ್ಕೆ ಹೋಗಲಾರರೇ?

7.2 ಶಿಫಾರಸು ಒಂದೇ. ಇನ್ನೊಮ್ಮೆ ಈ ತಾಲ್ಲೂಕುಗಳ ಹೆಸರನ್ನೋ ಗಡಿಯನ್ನೋ ಮುಟ್ಟುವ ಸರ್ಕಾರ, ಅದು ಯಾವ ಪಕ್ಷದ್ದೇ ಆಗಿರಲಿ, ಮೊದಲು ಪ್ರತಿ ಊರಲ್ಲೂ ಗ್ರಾಮಸಭೆ ಕರೆಯಲಿ. ಡಂಗುರ ಹೊಡೆಸಿ, ಕೊಯ್ಲು ಮುಗಿದ ಮೇಲೆ, ಹಾಲು ಕರೆಯುವ ಹೊತ್ತು ತಪ್ಪಿಸಿ ಕರೆಯಲಿ. ಜನ ಬರುತ್ತಾರೆ. ಒಂದಿಷ್ಟು ಬೈಯುತ್ತಾರೆ, ಒಬ್ಬರ ಮೇಲೊಬ್ಬರು ಎಗರಾಡುತ್ತಾರೆ, ಬಸ್ಸು ಕೇಳುತ್ತಾರೆ, ಕೊಳಚೆ ನಿಲ್ಲಿಸಿ ಎನ್ನುತ್ತಾರೆ, ಕೊನೆಗೆ ಕೈ ಎತ್ತುತ್ತಾರೆ. ತಪ್ಪು ತೀರ್ಮಾನವನ್ನೇ ಮಾಡಿಯಾರು, ಮಾಡಲಿ. ಅದು ಅವರ ತಪ್ಪಾಗಿರುತ್ತದೆ. ಅವರು ಆಡಿದ್ದನ್ನು ಬರೆದುಕೊಳ್ಳಲು ಪಂಡಿತರು ಬೇಡ. ಕಿವಿ ಕೇಳಿಸುವ ಒಬ್ಬ ಗುಮಾಸ್ತ ಸಾಕು.